ಮೂರು ಸಾಲಿನ ಪದ್ಯಕ್ಕೆ ಒಂದು ಇಡೀ ಕೋರ್ಸ್: ಛಂದಸ್ಸಿನ ಆನ್‌ಲೈನ್ ತರಗತಿ ಹೇಗಿತ್ತು?

ಛಂದಸ್ಸು ಕಲಿಸುವ ಒಂದು ಆನ್‌ಲೈನ್ ತರಗತಿಯನ್ನು ಈಚೆಗೆ ಮುಗಿಸಿದೆ. ಭಾನುವಾರ ಬೆಳಗ್ಗೆ ನಡೆಯುತ್ತದೆ. ಇಡೀ ಕೋರ್ಸಿಗೆ ಇಟ್ಟುಕೊಳ್ಳುವುದು ಒಂದೇ ಪದ್ಯ, ಅದೂ ಮೂರೇ ಸಾಲು. ನಡೆಸುವವರು ನಿವೃತ್ತರಾದ ಕನ್ನಡ ಮೇಷ್ಟ್ರು. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ, ಹಾಗಾಗಿ ಹಾಕುತ್ತಿಲ್ಲ. ಆದರೆ ಇಂಥ ತರಗತಿ ಹುಡುಕುತ್ತಿರುವವರಿಗೆ ಒಳಗೆ ಏನು ನಡೆಯುತ್ತದೆ ಎಂದು ವಿವರವಾಗಿ ಹೇಳಬೇಕು ಅನ್ನಿಸಿತು.

ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಹೈಸ್ಕೂಲಿನಲ್ಲಿ ‘ಪ್ರಸ್ತಾರ ಹಾಕಿ, ಗಣ ವಿಂಗಡಿಸಿ, ಛಂದಸ್ಸಿನ ಹೆಸರು ಬರೆಯಿರಿ’ ಎಂಬ ಪ್ರಶ್ನೆಗೆ ಪೂರ್ತಿ ಅಂಕ ತೆಗೆದುಕೊಂಡಿದ್ದೆ. ಪ್ರಸ್ತಾರ ಅಂದರೆ ಅಕ್ಷರಗಳ ಮೇಲೆ ಒಂದು ಮಾತ್ರೆ ಹೊತ್ತಿನ ಲಘು, ಎರಡು ಮಾತ್ರೆ ಹೊತ್ತಿನ ಗುರು ಎಂದು ಗೆರೆ ಎಳೆದು ಗುರುತಿಸುವುದು, ಗಣ ಅಂದರೆ ಹಾಗೆ ಗುರುತಿಸಿದ ಅಕ್ಷರಗಳ ಗುಂಪು. ಗಣಗಳನ್ನು ನೆನಪಿಡುವ ಸೂತ್ರ ‘ಯಮಾತಾರಾಜಭಾನಸಲಗಂ’ ಈಗಲೂ ನಿದ್ದೆಯಲ್ಲೂ ಬರುತ್ತದೆ. ಆದರೆ ಆ ಗೆರೆಗಳಿಗೂ ಪದ್ಯ ಚೆನ್ನಾಗಿರುವುದಕ್ಕೂ ಏನು ಸಂಬಂಧ ಅಂತ ಯಾರೂ ಹೇಳಿರಲಿಲ್ಲ. ಆ ಪ್ರಶ್ನೆಗೆ ಉತ್ತರ ಬೇಕು ಅಂತಲೇ ಸೇರಿದೆ. ಉತ್ತರ ಸಿಕ್ಕಿತು.

ಪದ್ಯ ಇದು. ಬಾದಾಮಿಯ ಬಂಡೆಯ ಮೇಲೆ ಸುಮಾರು ಕ್ರಿ.ಶ. 700ರಲ್ಲಿ ಕೊರೆದದ್ದು. ಕಪ್ಪೆ ಅರಭಟ್ಟ ಎಂಬ ವೀರನ ಶಾಸನ ಎಂದರೆ ಬಹಳ ಜನಕ್ಕೆ ಗೊತ್ತು.

ಸಾಧುಗೆ ಸಾಧು ಮಾಧುರ್ಯನ್ಗೆ ಮಾಧುರ್ಯಂ
ಬಾಧಿಪ್ಪ ಕಲಿಗೆ ಕಲಿಯುಗವಿಪರೀತನ್
ಮಾಧವನೀತನ್ ಪೆರನಲ್ಲ

ಒಳ್ಳೆಯವರಿಗೆ ಒಳ್ಳೆಯವನು, ಸಿಹಿಯಾಗಿ ಬಂದವರಿಗೆ ಸಿಹಿಯಾದವನು. ಕಾಟ ಕೊಡುವ ಕಲಿಗೆ, ಅಂದರೆ ವೀರನಿಗೆ, ಮಾತ್ರ ಕಲಿಯುಗವಿಪರೀತ, ಕಲಿಯುಗಕ್ಕೇ ವಿರುದ್ಧವಾದವನು. ಇವನು ಮಾಧವನೇ, ಬೇರೆ ಯಾರೂ ಅಲ್ಲ. ಕನ್ನಡದಲ್ಲಿ ನಮಗೆ ಸಿಕ್ಕಿರುವ ತ್ರಿಪದಿಗಳಲ್ಲಿ ಇದೇ ಬಹಳ ಹಳೆಯದು. ‘ಕವಿರಾಜಮಾರ್ಗ’ಕ್ಕಿಂತ ನೂರೈವತ್ತು ವರ್ಷದಷ್ಟು ಹಿಂದಿನದು.

ಮೊದಲ ತರಗತಿಯಲ್ಲಿ ಮೇಷ್ಟ್ರು ಈ ಅರ್ಥ ಹೇಳಲೇ ಇಲ್ಲ. ಪೆನ್ನು ಮುಟ್ಟಬೇಡಿ ಅಂದರು. ಒಬ್ಬೊಬ್ಬರಿಂದಲೂ ಪದ್ಯ ಓದಿಸಿದರು. ಓದುವಾಗ ತೊಡೆಯ ಮೇಲೆ ಕೈ ತಟ್ಟಿ, ಎಲ್ಲಿ ತಟ್ಟಬೇಕು ಅನ್ನಿಸುತ್ತೋ ಅಲ್ಲಿ ತಟ್ಟಿ ಅಂದರು. ನಿಯಮ ಏನೂ ಇಲ್ಲ. ಬಹಳಷ್ಟು ಜನ ಮೊದಲ ಸಾಲಿನಲ್ಲಿ ನಾಲ್ಕು ಸಲ ತಟ್ಟಿದೆವು. ಎರಡನೆಯದರಲ್ಲೂ ನಾಲ್ಕು. ಕೊನೆಯದರಲ್ಲಿ ಮೂರು. ಆಮೇಲೆ ಅವರು ಪರದೆಯ ಮೇಲೆ 4, 4, 3 ಎಂದು ಬರೆದು, ‘ನೋಡ್ರೀ, ಹನ್ನೊಂದು ಗಣ. ತ್ರಿಪದಿಯ ಲಕ್ಷಣ ನಿಮ್ಮ ಕೈಗೆ ಆಗಲೇ ಗೊತ್ತಿದೆ’ ಅಂದರು. ಈ ತರಗತಿಯ ಬೆಲೆ ನನಗೆ ಗೊತ್ತಾಗಿದ್ದು ಆಗ. ಲಕ್ಷಣ ಕೊಟ್ಟು ಪದ್ಯವನ್ನು ಅದರೊಳಗೆ ತೂರಿಸುವುದನ್ನೇ ನಾವೆಲ್ಲ ಕಲಿತಿದ್ದು. ಇಲ್ಲಿ ಕಿವಿ ಮೊದಲು, ಲಕ್ಷಣ ಆಮೇಲೆ.

ಎರಡನೇ ಹಂತ ಅಂಶಗಣ, ಅಂದರೆ ಅಕ್ಷರವನ್ನೋ ಮಾತ್ರೆಯನ್ನೋ ಅಲ್ಲದೆ ಅಂಶ ಎಂಬ ಲಯದ ತುಣುಕನ್ನು ಎಣಿಸುವ ಗಣ. ಶಾಲೆಯಲ್ಲಿ ಅಕ್ಷರಗಣ, ಮಾತ್ರಾಗಣ ಮುಗಿಯುವ ಹೊತ್ತಿಗೆ ಪರೀಕ್ಷೆ ಬಂದಿರುತ್ತದೆ, ಅಂಶಗಣ ಒಂದು ಪ್ಯಾರಾದಲ್ಲಿ ಹೋಗಿಬಿಡುತ್ತದೆ. ಅಚ್ಚಗನ್ನಡದ ಹಾಡುಗಬ್ಬ ಎಲ್ಲ ನಿಂತಿರುವುದು ಇದರ ಮೇಲೆ, ಇದನ್ನೇ ಬಿಟ್ಟರೆ ಹೇಗೆ? ಮೇಷ್ಟ್ರು ಇದಕ್ಕೆ ಜಾಸ್ತಿ ಸಮಯ ಕೊಟ್ಟರು, ಸರಿಯಾಗೇ ಮಾಡಿದರು. ಕ್ರಿ.ಶ. 990ರ ಸುಮಾರಿನಲ್ಲಿ ನಾಗವರ್ಮ ‘ಛಂದೋಂಬುಧಿ’ ಎಂಬ ಛಂದಸ್ಸಿನ ಗ್ರಂಥದಲ್ಲಿ ಹೇಳಿರುವ ಲೆಕ್ಕ ಸರಳ. ಬ್ರಹ್ಮಗಣಕ್ಕೆ ಎರಡು ಅಂಶ, ವಿಷ್ಣುಗಣಕ್ಕೆ ಮೂರು, ರುದ್ರಗಣಕ್ಕೆ ನಾಲ್ಕು. ಗಣದ ಮೊದಲ ಅಂಶದಲ್ಲಿ ಒಂದು ಗುರು ಇರಬೇಕು, ಇಲ್ಲವೇ ಎರಡು ಲಘು ಇರಬೇಕು. ಉಳಿದ ಅಂಶಗಳಲ್ಲಿ ಒಂದೊಂದು ಅಕ್ಷರ ಸಾಕು, ಅದು ಗುರುವಾದರೂ ಸರಿ, ಲಘುವಾದರೂ ಸರಿ. ತ್ರಿಪದಿಯ ಹನ್ನೊಂದು ಗಣಗಳಲ್ಲಿ ಆರನೆಯದು ಮತ್ತು ಹತ್ತನೆಯದು ಬ್ರಹ್ಮ. ಮಿಕ್ಕ ಒಂಬತ್ತೂ ವಿಷ್ಣು.

ಈಗ ಪದ್ಯವನ್ನು ಒಡೆದು ನೋಡಿ.

ಸಾಧುಗೆ / ಸಾಧು ಮಾ / ಧುರ್ಯನ್ಗೆ / ಮಾಧುರ್ಯಂ
ಬಾಧಿಪ್ಪ / ಕಲಿಗೆ / ಕಲಿಯುಗ / ವಿಪರೀತನ್
ಮಾಧವ / ನೀತನ್ / ಪೆರನಲ್ಲ

ಆರನೆಯ ಗಣ ‘ಕಲಿಗೆ’. ಎರಡು ಲಘು ಸೇರಿ ಒಂದು ಅಂಶ, ‘ಗೆ’ ಇನ್ನೊಂದು. ಬ್ರಹ್ಮಗಣ. ಹತ್ತನೆಯದು ‘ನೀತನ್’, ಎರಡು ಗುರು. ಅದೂ ಬ್ರಹ್ಮ. ಲಕ್ಷಣ ಬರೆದಿಟ್ಟ ನಾಗವರ್ಮನಿಗಿಂತ ಸುಮಾರು 300 ವರ್ಷ ಮೊದಲೇ ಕೊರೆದ ಪದ್ಯ ಅವನ ಲೆಕ್ಕಕ್ಕೆ ಒಂದಿಷ್ಟೂ ತಪ್ಪದೆ ಕೂರುತ್ತದೆ. ಜನ ಹಾಡುತ್ತಿದ್ದದ್ದನ್ನು ಅವನು ಕೇಳಿ ಬರೆದ, ಅಷ್ಟೇ.

ಮೊದಲ ಸಾಲನ್ನು ಮಾತ್ರ ಇಟ್ಟುಕೊಂಡು ಮೇಷ್ಟ್ರು ಒಂದು ಇಡೀ ಭಾನುವಾರ ಕಳೆದರು. ಗುರುವಿನಿಂದ ಶುರುವಾಗುವ ವಿಷ್ಣುಗಣ ನಾಲ್ಕೇ ಥರ ಬರಲು ಸಾಧ್ಯ. ಗುರು-ಲಘು-ಲಘು, ಗುರು-ಲಘು-ಗುರು, ಗುರು-ಗುರು-ಲಘು, ಗುರು-ಗುರು-ಗುರು. ‘ಸಾಧುಗೆ’ ಮೊದಲನೆಯದು. ‘ಸಾಧು ಮಾ’ ಎರಡನೆಯದು. ‘ಧುರ್ಯನ್ಗೆ’ ಮೂರನೆಯದು. ‘ಮಾಧುರ್ಯಂ’ ನಾಲ್ಕನೆಯದು. ಒಂದೇ ಸಾಲಿನಲ್ಲಿ ನಾಲ್ಕೂ ಬಂದಿವೆ, ಒಂದೂ ಮರುಕಳಿಸಿಲ್ಲ. ಅದೂ ಹಗುರವಾದದ್ದರಿಂದ ಭಾರವಾದದ್ದಕ್ಕೆ, ಮೆಟ್ಟಿಲು ಹತ್ತಿದ ಹಾಗೆ. ಮಾತ್ರೆ ಎಣಿಸಿದರೆ 4, 5, 5, 6. ಕವಿ ಕೂತು ಲೆಕ್ಕ ಹಾಕಿದನೋ, ಕಿವಿಯೇ ಹಾಗೆ ಮಾಡಿಸಿತೋ, ಎರಡೂ ನನಗೆ ದೊಡ್ಡದೇ.

ಇಲ್ಲಿ ಇನ್ನೊಂದು ಸೇವೆಯ ಬಗ್ಗೆಯೂ ಹೇಳಬೇಕು. ಪದ್ಯ ಹಾಕಿದರೆ ತಾನೇ ಪ್ರಸ್ತಾರ ಹಾಕಿಕೊಡುವ ಒಂದು ಜಾಲತಾಣ ಬಳಸಿ ನೋಡಿದೆ. ಹೆಸರು ಬೇಡ. ಲಘು ಗುರು ಎಲ್ಲ ಸರಿಯಾಗಿ ಗುರುತಿಸಿತು. ‘ನೀತನ್’ನ ಕೊನೆಯ ಅಕ್ಷರವನ್ನೂ ಗುರು ಎಂದೇ ಹಿಡಿಯಿತು, ಅದು ಚೆನ್ನಾಗಿತ್ತು. ಆಮೇಲೆ ಮಾತ್ರೆ ಕೂಡಿಸಿ 20, 18, 13 ಎಂದು ತೋರಿಸಿ, ಯಾವ ಛಂದಸ್ಸಿಗೂ ಹೊಂದುವುದಿಲ್ಲ ಎಂದು ಹೇಳಿ ಸುಮ್ಮನಾಯಿತು. ಭಾಮಿನಿ ಷಟ್ಪದಿಗೆ, ಕಂದಕ್ಕೆ ಅದು ಸಾಕು. ತ್ರಿಪದಿಗೆ ಸಾಲದು. ಯಾಕೆ ಅಂದರೆ ಅಂಶಗಣ ಹಾಡುವವರ ಗಣ. ‘ಸಾಧುಗೆ’ಗೆ ನಾಲ್ಕು ಮಾತ್ರೆ, ‘ಮಾಧುರ್ಯಂ’ಗೆ ಆರು ಮಾತ್ರೆ ಇದ್ದರೂ ಹಾಡುವಾಗ ಎರಡಕ್ಕೂ ಸಮನಾದ ಹೊತ್ತು. ಮೊದಲನೆಯದರಲ್ಲಿ ‘ಗೆ’ ಸ್ವಲ್ಪ ಎಳೆಯುತ್ತದೆ, ಎರಡನೆಯದು ತುಂಬಿಕೊಂಡು ಬರುತ್ತದೆ. ಬರೆದ ಅಕ್ಷರವನ್ನು ಮಾತ್ರ ಎಣಿಸಿದರೆ ಇದು ಕಾಣುವುದಿಲ್ಲ. ನಮ್ಮ ಗುಂಪಿನಲ್ಲಿ ಸಂಗೀತ ಕಲಿತ ಒಬ್ಬರು ‘ಯಾವ ತಾಳ ಸರ್?’ ಎಂದು ಬಿಡದೆ ಕೇಳುತ್ತಿದ್ದರು. ಮೇಷ್ಟ್ರು ತಾಳದ ಹೆಸರು ಹೇಳಲಿಲ್ಲ. ಪದ್ಯ ಹಾಡಿ ತೋರಿಸಿ, ‘ಈಗ ನೀವೇ ಹಾಕಿ’ ಅಂದರು. ಆ ಸಹಪಾಠಿಗೆ ಇದರಿಂದ ಸಮಾಧಾನ ಆಗಲಿಲ್ಲ, ನನಗೆ ಆಯಿತು.

ಪ್ರಾಸದ ಪಾಠ ಚಿಕ್ಕದು. ಸಾಧು, ಬಾಧಿ, ಮಾಧ. ಮೂರು ಸಾಲಿನಲ್ಲೂ ಎರಡನೆಯ ಅಕ್ಷರ ‘ಧ’ಕಾರ, ಅದರ ಹಿಂದೆ ದೀರ್ಘ. ಷಟ್‌ಪ್ರಾಸ ಎಂಬ ಆರು ಬಗೆಯ ಪ್ರಾಸಗಳಲ್ಲಿ ಇದು ಗಜಪ್ರಾಸ. ಇಷ್ಟು ಯಾವ ಗೈಡಿನಲ್ಲೂ ಸಿಗುತ್ತದೆ. ಗೈಡಿನಲ್ಲಿ ಸಿಗದ್ದು ಏನೆಂದರೆ, ಆ ‘ಆಧ’ ಎಂಬ ಸದ್ದು ಸಾಲಿನ ಮೊದಲಲ್ಲಿ ಮಾತ್ರ ಇಲ್ಲ. ಮೊದಲ ಸಾಲಿನಲ್ಲೇ ನಾಲ್ಕು ಸಲ ಇದೆ. ಸಾಧು, ಸಾಧು, ಮಾಧು, ಮಾಧು. ಎರಡನೇ ಸಾಲಿಗೆ ಒಂದು, ಮೂರನೆಯದಕ್ಕೆ ಒಂದು. ಒಟ್ಟು ಆರು. ಕಿವಿಗೆ ಮೊದಲೇ ಇಷ್ಟು ತುಂಬಿಸಿ ಬಿಟ್ಟಿರುವುದರಿಂದ ಕೊನೆಯಲ್ಲಿ ‘ಮಾಧವ’ ಬಂದಾಗ ಅದು ಹೊಸ ಹೆಸರು ಅನ್ನಿಸುವುದಿಲ್ಲ. ಮಾಧುರ್ಯದಿಂದಲೇ ಹುಟ್ಟಿ ಬಂದಂತೆ ಕೇಳುತ್ತದೆ. ಒಬ್ಬ ವೀರನನ್ನು ದೇವರು ಎಂದು ಕರೆಯುವುದು ದೊಡ್ಡ ಮಾತು. ಅದನ್ನು ಒಪ್ಪುವಂತೆ ಮಾಡುತ್ತಿರುವುದು ಪ್ರಾಸ.

ಇನ್ನು ಪುನರಾವರ್ತನೆ. ಈ ತರಗತಿಗೆ ಯಾಕೆ ಹಣ ಕೊಡಬಹುದು ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಇದೇ ಪಾಠ.

ಸಾಧುಗೆ ಸಾಧು. ಮಾಧುರ್ಯನ್ಗೆ ಮಾಧುರ್ಯಂ. ಎರಡು ಸಲ ಒಂದೇ ಕಟ್ಟು. ಇಂಥವನಿಗೆ ಇಂಥವನು. ಮೂರನೆಯ ಸಲ ‘ಬಾಧಿಪ್ಪ ಕಲಿಗೆ’ ಅಂದ ಕೂಡಲೇ ಕಿವಿ ಮುಂದಿನದನ್ನು ತಾನೇ ಹೇಳಿಬಿಡುತ್ತದೆ. ಕಲಿಗೆ ಕಲಿ. ಕವಿಯೂ ‘ಕಲಿ’ ಎಂದೇ ಶುರು ಮಾಡುತ್ತಾನೆ. ಆದರೆ ಅಲ್ಲಿ ನಿಲ್ಲುವುದಿಲ್ಲ. ‘ಕಲಿಯುಗ’ ಆಗುತ್ತದೆ, ‘ಕಲಿಯುಗವಿಪರೀತನ್’ ಆಗುತ್ತದೆ. ಎರಡು ಸಲ ನಂಬಿಸಿ ಮೂರನೇ ಸಲ ನಿರೀಕ್ಷೆಯನ್ನು ದಾಟಿ ಹೋಗುತ್ತಾನೆ. ಕಾಟ ಕೊಡುವವನಿಗೆ ಸಮನಾಗಿ ತಿರುಗಿ ಕೊಡುವವನಲ್ಲ ಈ ವೀರ, ಮೀರಿ ಕೊಡುವವನು. ಪದಗಳ ಕಟ್ಟು ಮುರಿಯುವ ಜಾಗದಲ್ಲೇ ಅರ್ಥವೂ ಮೀರುತ್ತದೆ.

ಲಯವೂ ಅಲ್ಲೇ ಬದಲಾಗುತ್ತದೆ. ಮೊದಲ ಸಾಲಿನ ಹನ್ನೆರಡು ಅಕ್ಷರದಲ್ಲಿ ಎಂಟು ಗುರು. ನಿಧಾನ, ತುಂಬಿದ ನಡೆ. ಎರಡನೆಯ ಸಾಲಿನಲ್ಲಿ ‘ಬಾಧಿಪ್ಪ’ದ ಕೊನೆಯ ಅಕ್ಷರದಿಂದ ಎಣಿಸಿ ನೋಡಿ. ಪ್ಪ, ಕ, ಲಿ, ಗೆ, ಕ, ಲಿ, ಯು, ಗ, ವಿ, ಪ. ಹತ್ತು ಲಘು ಒಂದರ ಹಿಂದೆ ಒಂದು. ನಡುವೆ ಒಂದೂ ಗುರು ಇಲ್ಲ. ಆಮೇಲೆ ‘ರೀತನ್’ ಎಂದು ಎರಡು ಗುರುಗಳ ಮೇಲೆ ಬಂದು ನಿಲ್ಲುತ್ತದೆ. ಸಾಧುವಿನ ಮಾತು ಬಂದಾಗ ಮೆಲ್ಲಗೆ, ಕಲಿಯ ಮಾತು ಬಂದಾಗ ಓಟ. ಇದನ್ನು ಜೋರಾಗಿ ಓದದೆ ಯಾರಿಗೂ ನಂಬಿಸಲಾಗುವುದಿಲ್ಲ, ದಯವಿಟ್ಟು ಒಮ್ಮೆ ಓದಿ.

ಮೇಷ್ಟ್ರು ಕೊಟ್ಟ ಮನೆಕೆಲಸಗಳಲ್ಲಿ ನನಗೆ ಹಿಡಿಸಿದ್ದು ಪದ ಬದಲಾಯಿಸಿ ನೋಡುವುದು. ‘ಕಲಿಗೆ’ ತೆಗೆದು ‘ವೀರಂಗೆ’ ಹಾಕಿ ಅಂದರು. ಅರ್ಥ ಹೆಚ್ಚುಕಡಿಮೆ ಅದೇ. ‘ಬಾಧಿಪ್ಪ ವೀರಂಗೆ ಕಲಿಯುಗವಿಪರೀತನ್’. ಆರನೆಯ ಗಣ ಮೂರು ಅಂಶದ್ದಾಯಿತು, ಸಾಲು ಅಲ್ಲೇ ಕಾಲೆಳೆಯಿತು. ಲಘುಗಳ ಓಟವೂ ಹೋಯಿತು, ಕಲಿಗೆ-ಕಲಿ ಎಂಬ ನಿರೀಕ್ಷೆಯೂ ಹೋಯಿತು. ಒಂದು ಪದಕ್ಕೆ ಮೂರು ನಷ್ಟ. ಇನ್ನೊಂದು ಕಡೆ ‘ಪೆರನಲ್ಲ’ ತೆಗೆದು ‘ಬೇರಲ್ಲ’ ಹಾಕಿಸಿದರು. ಇದು ವಿಷ್ಣುಗಣವೇ, ಛಂದಸ್ಸು ಕೆಡಲಿಲ್ಲ. ಆದರೂ ‘ನೀತನ್’ನ ಎರಡು ಗುರುವಿನ ಮೇಲೆ ಇನ್ನೆರಡು ಗುರು ಕೂತು ಕೊನೆ ಭಾರವಾಯಿತು. ‘ಪೆರ’ದ ಎರಡು ಲಘು ಕೊಡುತ್ತಿದ್ದ ಆ ಚಿಕ್ಕ ನೆಗೆತ ಇಲ್ಲ. ಲಕ್ಷಣಕ್ಕೆ ಸರಿಹೋಗುವುದು ಒಂದು, ಕಿವಿಗೆ ಸರಿಹೋಗುವುದು ಇನ್ನೊಂದು ಎಂದು ಇದರಿಂದ ಚೆನ್ನಾಗಿ ಗೊತ್ತಾಯಿತು.

ಹಾಡುವ ತರಗತಿ ಕೊನೆಯಲ್ಲಿ ಬಂತು. ಜನಪದ ತ್ರಿಪದಿ ಹಾಡುವವರು ಎರಡನೆಯ ಸಾಲಿನ ಮೊದಲ ಮೂರು ಗಣ ಹಾಡಿ ನಿಲ್ಲಿಸಿ, ಮತ್ತೆ ಮೊದಲಿಂದ ಹಿಡಿದು ಸಾಲು ಪೂರ್ತಿ ಮಾಡುತ್ತಾರೆ. ‘ಎಳ್ಳು ಜೀರಿಗೆ ಬೆಳೆಯೋಳ’ ಎರಡು ಸಲ ಬಂದು ಆಮೇಲೆ ‘ಭೂಮ್ತಾಯ’ ಬರುವುದು ಹೀಗೆಯೇ. ನಮ್ಮ ಅಮ್ಮ ಬೀಸುವಾಗ ಹಾಡುತ್ತಿದ್ದದ್ದೂ ಹೀಗೇ, ಅದಕ್ಕೊಂದು ನಿಯಮ ಇದೆ ಅಂತ ನನಗೆ ಹೊಳೆದಿರಲಿಲ್ಲ. ಮೇಷ್ಟ್ರು ಅದೇ ಧಾಟಿಯನ್ನು ಶಾಸನದ ಪದ್ಯಕ್ಕೆ ಹಾಕಿದರು.

ಸಾಧುಗೆ ಸಾಧು ಮಾಧುರ್ಯನ್ಗೆ ಮಾಧುರ್ಯಂ
ಬಾಧಿಪ್ಪ ಕಲಿಗೆ ಕಲಿಯುಗ
ಬಾಧಿಪ್ಪ ಕಲಿಗೆ ಕಲಿಯುಗವಿಪರೀತನ್
ಮಾಧವನೀತನ್ ಪೆರನಲ್ಲ

‘ಕಲಿಯುಗ’ದ ಮೇಲೆ ಹಾಡು ನಿಲ್ಲುತ್ತದೆ. ಕಲಿಗೆ ಕಲಿಯುಗ ಏನು? ಉತ್ತರ ಬರುವುದಿಲ್ಲ. ಮತ್ತೆ ಮೊದಲಿಂದ. ಆಮೇಲೆ ‘ವಿಪರೀತನ್’. ಪದ್ಯದೊಳಗಿನ ಪುನರಾವರ್ತನೆ, ಹಾಡಿನ ಪುನರಾವರ್ತನೆ ಎರಡೂ ಸೇರಿ ಒಂದೇ ಪದವನ್ನು ಕಾಯುವಂತೆ ಮಾಡುತ್ತವೆ. ಅಷ್ಟು ದಿನ ಕಾಗದದ ಮೇಲೆ ಗೆರೆ ಎಳೆದದ್ದಕ್ಕೆಲ್ಲ ಆ ಹೊತ್ತಿಗೆ ಅರ್ಥ ಬಂತು.

ಕೊರತೆಗಳೂ ಇವೆ. ಮೊದಲನೆಯದು ಧ್ವನಿ. ಮೇಷ್ಟ್ರು ಮೇಜು ತಟ್ಟಿ ಗಣ ತೋರಿಸುತ್ತಾರೆ. ವಿಡಿಯೋ ಕರೆಯ ಆ್ಯಪ್ ಆ ಸದ್ದನ್ನು ಗದ್ದಲ ಎಂದು ತಿಳಿದು ಅಳಿಸಿಬಿಡುತ್ತದೆ. ನಮಗೆ ಕೈ ಕಾಣುತ್ತಿತ್ತು, ತಟ್ಟಿದ್ದು ಕೇಳುತ್ತಿರಲಿಲ್ಲ. ಲಯ ಕಲಿಸುವ ತರಗತಿಯಲ್ಲಿ ಇದು ಸಣ್ಣ ವಿಷಯ ಅಲ್ಲವೇ ಅಲ್ಲ. ಗದ್ದಲ ತೆಗೆಯುವ ಸೆಟ್ಟಿಂಗ್ ಆಫ್ ಮಾಡಿದರೆ ಸರಿಹೋಗುತ್ತದೆ. ಹೇಳಿದ ಮೇಲೂ ಕೆಲವು ವಾರ ಅದು ಹಾಗೇ ಇತ್ತು. ಎಲ್ಲರೂ ಒಟ್ಟಿಗೆ ಹಾಡುವುದಂತೂ ಆನ್‌ಲೈನಿನಲ್ಲಿ ಆಗದ ಮಾತು, ಒಬ್ಬೊಬ್ಬರ ದನಿ ಒಂದೊಂದು ಹೊತ್ತಿಗೆ ಬರುತ್ತದೆ. ಅದಕ್ಕೆ ಅವರು ಕಂಡುಕೊಂಡ ದಾರಿ ಚೆನ್ನಾಗಿದೆ. ಒಬ್ಬೊಬ್ಬರೂ ಹಾಡಿ ವಾಯ್ಸ್ ಮೆಸೇಜ್ ಕಳಿಸಬೇಕು. ಪ್ರತಿಯೊಂದಕ್ಕೂ ಅವರ ಉತ್ತರ ಬರುತ್ತದೆ, ‘ಆರನೇ ಗಣದಲ್ಲಿ ಎಳೀಬೇಡಿ ಮೇಡಂ’ ಎನ್ನುವಷ್ಟು ನಿಖರವಾಗಿ.

ಎರಡನೆಯದು ಟಿಪ್ಪಣಿ. ಪ್ರಸ್ತಾರದ ಚಿಹ್ನೆಗಳನ್ನು ಅಕ್ಷರದ ಮೇಲೆ ಟೈಪ್ ಮಾಡಿ ಕಳಿಸುತ್ತಾರೆ. ಮೊಬೈಲಿನಲ್ಲಿ ತೆರೆದರೆ ಚಿಹ್ನೆಗಳೆಲ್ಲ ಪಕ್ಕಕ್ಕೆ ಸರಿದು ಬೇರೆ ಅಕ್ಷರದ ಮೇಲೆ ಕೂತಿರುತ್ತವೆ. ಹೊಸಬರು ಇದನ್ನು ನೋಡಿ ಓದಿದರೆ ಪೂರ್ತಿ ದಾರಿ ತಪ್ಪುತ್ತಾರೆ. ಕೈಯಲ್ಲಿ ಬರೆದು ಫೋಟೋ ಕಳಿಸಿದರೆ ಇದಕ್ಕಿಂತ ಎಷ್ಟೋ ಮೇಲು.

ಮೂರನೆಯದು ನನಗೆ ನಿಜವಾಗಿ ಬೇಸರ ತಂದದ್ದು. ಅದೇ ಬಂಡೆಯ ಮೇಲೆ ಇನ್ನೂ ಎರಡು ತ್ರಿಪದಿ ಇವೆ. ‘ಒಳ್ಳಿತ್ತ ಕೆಯ್ವೊರಾರ್’ ಒಂದು, ‘ಕಟ್ಟಿದ ಸಿಂಘಮನ್’ ಇನ್ನೊಂದು. ಅವನ್ನು ಒಂದು ಹಾಳೆಯಲ್ಲಿ ಕೊಟ್ಟು, ನೀವೇ ನೋಡಿ ಅಂದುಬಿಟ್ಟರು. ಮನೆಯಲ್ಲಿ ಕೂತು ನೋಡಿದೆ. ನೋಡಿದ್ದು ಇಷ್ಟು. ಎರಡರಲ್ಲೂ ಪ್ರಾಸ ಹಯಪ್ರಾಸ, ಅಂದರೆ ಒತ್ತಕ್ಷರ ಅದೇ ವ್ಯಂಜನದ್ದು. ಕಟ್ಟಿ, ಬಿಟ್ಟ, ಕೆಟ್ಟ. ಇನ್ನೊಂದರಲ್ಲಿ ಒಳ್ಳಿ, ಬಲ್ಲಿ, ಇಲ್ಲಿ. ಇಲ್ಲಿ ‘ಳ್ಳ’ವೂ ‘ಲ್ಲ’ವೂ ಬೆರೆತಿವೆ, ಕಿವಿ ತಕರಾರು ಮಾಡುವುದಿಲ್ಲ. ಎರಡೂ ಪದ್ಯಗಳ ಮೊದಲ ಸಾಲಿನ ನಡುವೆ, ಮೂರನೆಯ ಗಣ ಶುರುವಾಗುವಲ್ಲಿ, ಪ್ರಾಸ ಇನ್ನೊಮ್ಮೆ ಬರುತ್ತದೆ. ‘ಪೊಲ್ಲದುಮದರನ್ತೆ’, ‘ಕೆಟ್ಟೊದೇನೆಮಗೆನ್ದು’.

ಮೂರು ತ್ರಿಪದಿಗಳ ಎರಡನೆಯ ಸಾಲನ್ನು ಒಂದರ ಕೆಳಗೆ ಒಂದು ಬರೆದಾಗ ನಿಜವಾದ ಸಂತೋಷ ಸಿಕ್ಕಿತು.

ಬಾಧಿಪ್ಪ / ಕಲಿಗೆ / ಕಲಿಯುಗ / ವಿಪರೀತನ್
ಬಲ್ಲಿತ್ತು / ಕಲಿಗೆ / ವಿಪರೀತಾ / ಪುರಾಕೃತಮ್
ಬಿಟ್ಟವೊಲ್ / ಕಲಿಗೆ / ವಿಪರೀತಂ / ಗಹಿತರ್ಕ್ಕಳ್

ಮೂರರಲ್ಲೂ ‘ಕಲಿಗೆ’ ಇದೆ. ಮೂರರಲ್ಲೂ ಅದು ಆರನೆಯ ಗಣ. ಸಾಲಿನ ನಡೆ ಬದಲಾಗುವ ಆ ಒಂದು ಬ್ರಹ್ಮಗಣದಲ್ಲೇ ಕವಿ ಮೂರು ಸಲವೂ ಇದೇ ಪದವನ್ನು ಕೂರಿಸಿದ್ದಾನೆ. ಆಮೇಲಿನ ಎರಡು ಪದ್ಯಗಳಲ್ಲಿ ‘ವಿಪರೀತ’ ತಕ್ಷಣ ಏಳನೆಯ ಗಣದಲ್ಲಿ ಬರುತ್ತದೆ. ಮೊದಲನೆಯದರಲ್ಲಿ ಮಾತ್ರ ‘ಕಲಿಯುಗ’ ನಡುವೆ ನುಗ್ಗಿ ಅದನ್ನು ಒಂದು ಗಣ ಮುಂದಕ್ಕೆ ತಳ್ಳುತ್ತದೆ. ಹಾಡಿನಲ್ಲಿ ನಾವು ಕಾಯುವುದು ಮೊದಲ ಪದ್ಯದಲ್ಲಿ ಮಾತ್ರ. ‘ಪುರಾಕೃತಮ್’ ಒಂದು ಸ್ವಲ್ಪ ತೊಡಕು. ಲಘುವಿನ ಬೆನ್ನಿಗೇ ಗುರು ಬಂದು, ಮೊದಲ ಅಂಶಕ್ಕೆ ಎರಡು ಲಘು ಬೇಕು ಎಂಬ ಮಾತಿಗೆ ಅದು ನಿಲ್ಲುವುದಿಲ್ಲ. ಒಂಬತ್ತು ಸಾಲಿನಲ್ಲಿ ನನಗೆ ಹೀಗೆ ತಡೆದ ಜಾಗ ಅದೊಂದೇ.

ಇದನ್ನೆಲ್ಲ ಬರೆದು ಮೇಷ್ಟ್ರಿಗೆ ಕಳಿಸಿದೆ. ಉದ್ದನೆಯ ವಾಯ್ಸ್ ಮೆಸೇಜ್ ಬಂತು. ಖುಷಿಪಟ್ಟಿದ್ದರು, ಮೂರೂ ಸಾಲನ್ನು ಒಂದೇ ಧಾಟಿಯಲ್ಲಿ ಹಾಡಿ ಕಳಿಸಿದ್ದರು. ಅದೇ ತರಗತಿಯಲ್ಲಿ ಎಲ್ಲರ ಮುಂದೆ ನಡೆದಿದ್ದರೆ ಎಷ್ಟು ಚೆನ್ನಾಗಿತ್ತು! ಒಂದು ಭಾನುವಾರ ಹೆಚ್ಚಿಗೆ ಇಟ್ಟು ಮೂರನ್ನೂ ಒಟ್ಟಿಗೆ ಮಾಡಲೇಬೇಕು ಎಂದು ಅವರಿಗೆ ಹೇಳಿದ್ದೇನೆ.

ಯಾರು ಸೇರಬಹುದು? ಹಾಡಲು ಬಾರದಿದ್ದರೂ ಪರವಾಗಿಲ್ಲ, ಜೋರಾಗಿ ಓದಲು ಸಂಕೋಚ ಇರಬಾರದು. ಮಕ್ಕಳಿಗೆ ಕನ್ನಡ ಹೇಳಿಕೊಡುವವರು ಖಂಡಿತ ಸೇರಿ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರಿಗೆ ಇದು ಆಗುವುದಿಲ್ಲ. ಉತ್ಪಲಮಾಲೆ, ಚಂಪಕಮಾಲೆ, ಷಟ್ಪದಿಯ ಆರು ವಿಧ ಯಾವುದೂ ಇಲ್ಲಿ ಬರುವುದಿಲ್ಲ. ಬೇರೆ ಕಡೆ ಇಂಥ ತರಗತಿಗೆ ಹಣ ಕಟ್ಟುವ ಮೊದಲು ಎರಡು ಪ್ರಶ್ನೆ ಕೇಳಿ. ಅಂಶಗಣ ಕಲಿಸುತ್ತೀರಾ? ನಮ್ಮಿಂದ ಓದಿಸಿ, ಹಾಡಿಸಿ ತಿದ್ದುತ್ತೀರಾ? ಎರಡಕ್ಕೂ ಹೌದು ಅಂದರೆ ಮಾತ್ರ ಸೇರಿ.

ಮುಂದಿನ ಕೋರ್ಸ್ ಸಾಂಗತ್ಯದ ಮೇಲಂತೆ. ಅದೂ ಅಂಶಗಣದ್ದೇ, ನಾಲ್ಕು ಸಾಲು. ನಾನು ಹೆಸರು ಕೊಟ್ಟಿದ್ದೇನೆ. ಮೇಜು ತಟ್ಟಿದ್ದು ಕೇಳುವಂತೆ ಮೊದಲ ದಿನವೇ ಸೆಟ್ಟಿಂಗ್ ಸರಿಮಾಡಿಕೊಡಲು ನಮ್ಮ ಗುಂಪಿನ ಒಬ್ಬ ಹುಡುಗ ಒಪ್ಪಿಕೊಂಡಿದ್ದಾನೆ.